ಕಂಚಿಯಲ್ಲಿ ಕಲಿತ ಪಾಠ

1974ರಲ್ಲಿ ಮದ್ರಾಸಿನ ಬಿಷಪ್ಪರೊಬ್ಬರು ನಿವೃತ್ತರಾಗಿ ತಮ್ಮ ಊರಾದ ಇಂಗ್ಲೆಂಡಿಗೆ ಹೊರಟರು. ವಿಮಾನದಲ್ಲಲ್ಲ, ಹಡಗಿನಲ್ಲೂ ಅಲ್ಲ. ಅವರಿಗೆ ಅರವತ್ತನಾಲ್ಕು ವಯಸ್ಸು. ಜೊತೆಗೆ ಹೆಂಡತಿ ಹೆಲೆನ್, ಕೈಯಲ್ಲಿ ಎರಡು ಸೂಟ್‌ಕೇಸು, ಬೆನ್ನಿಗೊಂದು ಚೀಲ. ಸಿಕ್ಕ ಬಸ್ಸು ಹಿಡಿಯುತ್ತ, ಊರಿಂದೂರಿಗೆ ಇಳಿದು ಹತ್ತುತ್ತ ನೆಲದ ಮೇಲೆಯೇ ಅಷ್ಟು ದೂರವನ್ನು ದಾಟಿದರು. ಭಾನುವಾರ ಎಲ್ಲಿರುತ್ತಾರೋ ಅಲ್ಲಿಯ ಕ್ರೈಸ್ತರನ್ನು ಹುಡುಕಿ ಅವರ ಜೊತೆ ಆರಾಧನೆಗೆ ಕೂರುವುದು ವಾಡಿಕೆಯಾಗಿತ್ತು. ಇಡೀ ದಾರಿಯಲ್ಲಿ ಒಂದೇ ಒಂದು ಕಡೆ ಗಂಡ ಹೆಂಡತಿ ಇಬ್ಬರೇ ಕೂತು ಪ್ರಾರ್ಥಿಸಬೇಕಾಯಿತು, ಏಕೆಂದರೆ ಅಲ್ಲಿ ಮೂರನೆಯ ಕ್ರೈಸ್ತ ಸಿಗಲಿಲ್ಲ. ಆ ಜಾಗ ಟರ್ಕಿಯ ಕಪಡೋಕಿಯ.

ನಾಲ್ಕನೆಯ ಶತಮಾನದಲ್ಲಿ ಇದೇ ಕಪಡೋಕಿಯದಲ್ಲಿ ಬಾಸಿಲ್, ಅವನ ತಮ್ಮ ನಿಸ್ಸದ ಗ್ರೆಗರಿ, ಗೆಳೆಯ ನಾಜಿಯಾಂಜಸ್‌ನ ಗ್ರೆಗರಿ ಇದ್ದರು. ತ್ರಿತ್ವದ ಬಗ್ಗೆ ಇಂದಿಗೂ ಚರ್ಚುಗಳು ಹೇಳುವ ಮಾತುಗಳಿಗೆ ರೂಪ ಕೊಟ್ಟವರು ಇವರು. ಅಂಥ ನೆಲದಲ್ಲೂ ಒಂದು ಧರ್ಮ ಮಾಯವಾಗಬಲ್ಲದು ಎಂಬುದನ್ನು ಕಣ್ಣಾರೆ ಕಂಡ ಮನುಷ್ಯ ಮುಂದೆ ಬರ್ಮಿಂಗ್‌ಹ್ಯಾಂ ತಲುಪಿದಾಗ ಏನನ್ನು ಯೋಚಿಸಿರಬಹುದು?

ಅವರ ಹೆಸರು ಲೆಸ್ಲಿ ನ್ಯೂಬಿಗಿನ್. ಚೆನ್ನೈಯಲ್ಲಿರುವ ಕನ್ನಡಿಗರು ಕೆಥೆಡ್ರಲ್ ರಸ್ತೆಯಲ್ಲಿ ಓಡಾಡುವಾಗ ಆ ಹೆಸರಿಗೆ ಕಾರಣವಾದ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನ ಬಿಳಿ ಗೋಪುರವನ್ನು ನೋಡಿರುತ್ತಾರೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪಂಗಡಗಳು ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿದ್ದು ಅಲ್ಲೇ. ಯುರೋಪಿನಲ್ಲಿ ಶತಮಾನಗಳ ಕಾಲ ಜಗಳವಾಡಿಕೊಂಡವರು ಒಂದಾಗಲು ದಕ್ಷಿಣ ಭಾರತಕ್ಕೆ ಬರಬೇಕಾಯಿತು. ಅಂದು ಬಿಷಪ್ ದೀಕ್ಷೆ ಪಡೆದವರಲ್ಲಿ ಮೂವತ್ತೇಳರ ನ್ಯೂಬಿಗಿನ್ ಒಬ್ಬರು. ಮೊದಲು ಮಧುರೆ, ಆಮೇಲೆ ಕೆಲವು ವರ್ಷ ಹೊರದೇಶದ ಕೆಲಸ, 1965ರಿಂದ ಮದ್ರಾಸು.

ಮಿಷನರಿ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವವರು ಕಿಟ್ಟೆಲ್ ಮತ್ತು ಮೊಗ್ಲಿಂಗ್. 1843ರ ಮಂಗಳೂರ ಸಮಾಚಾರ, 1894ರ ನಿಘಂಟು, ಮಂಗಳೂರು ಹೆಂಚು. ಅವರು ನಮಗೆ ಏನು ಕೊಟ್ಟರು ಎಂಬ ಪಟ್ಟಿ ಬಾಯಿಪಾಠವಾಗಿದೆ. ಇಲ್ಲಿಂದ ಏನನ್ನು ಕಲಿತು ಹೊತ್ತುಕೊಂಡು ಹೋದರು ಎಂದು ನಾವು ಹೆಚ್ಚಾಗಿ ಕೇಳುವುದಿಲ್ಲ. ನ್ಯೂಬಿಗಿನ್ನರ ಬದುಕು ಆಸಕ್ತಿ ಹುಟ್ಟಿಸುವುದು ಆ ಪ್ರಶ್ನೆಯಿಂದಾಗಿ.

1936ರಲ್ಲಿ ಸ್ಕಾಟ್ಲೆಂಡಿನ ಚರ್ಚಿನ ಪರವಾಗಿ ಮದ್ರಾಸಿಗೆ ಬಂದವರು ಮುಂದೆ ಕಂಚಿಯಲ್ಲಿ ನೆಲೆಸಿದರು. (ಕಂಚಿ ಅಂದರೆ ನಮಗೆ ಮಯೂರಶರ್ಮ. ವೇದ ಓದಲು ಹೋಗಿ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಕತ್ತಿ ಹಿಡಿದು ಹಿಂದಿರುಗಿದವನು ಎಂದು ತಾಳಗುಂದದ ಶಾಸನ ಹೇಳುತ್ತದೆ.) ನ್ಯೂಬಿಗಿನ್ ತಮಿಳನ್ನು ಚೆನ್ನಾಗಿ ಕಲಿತರು. ಬಂದ ಹೊಸದರಲ್ಲೇ ಮಿಷನರಿ ಬಂಗಲೆಗಳ ದೊರೆತನ ಅವರಿಗೆ ಕಸಿವಿಸಿ ತಂದಿತ್ತು. ಕಂಚಿಯ ರಾಮಕೃಷ್ಣ ಮಿಷನ್ನಿನ ಮಠದಲ್ಲಿ ಸನ್ಯಾಸಿಗಳ ಜೊತೆ ವಾರಕ್ಕೊಮ್ಮೆ ನೆಲದ ಮೇಲೆ ಕೂತು ಓದುತ್ತಿದ್ದರು. ಒಂದು ವಾರ ಶ್ವೇತಾಶ್ವತರ ಉಪನಿಷತ್ತು, ಇನ್ನೊಂದು ವಾರ ಯೋಹಾನನ ಸುವಾರ್ತೆ.

ಆ ಮಠದ ಹಜಾರದಲ್ಲಿ ಜಗತ್ತಿನ ಧಾರ್ಮಿಕ ಮಹನೀಯರ ಚಿತ್ರಗಳ ಸಾಲಿತ್ತು. ಅವುಗಳಲ್ಲಿ ಯೇಸುವಿನ ಚಿತ್ರವೂ ಒಂದು. ಕ್ರಿಸ್‌ಮಸ್ ದಿನ ಅದಕ್ಕೆ ಪೂಜೆ ಸಲ್ಲುತ್ತಿತ್ತು. ನಮಗೆ ಇದು ಔದಾರ್ಯ ಅನ್ನಿಸುತ್ತದೆ, ನನಗೂ ಹಾಗೇ ಅನ್ನಿಸುತ್ತದೆ. ತರುಣ ಮಿಷನರಿಗೆ ಮಾತ್ರ ಇರಿಸುಮುರುಸು. ಇಲ್ಲಿ ಯೇಸು ಯಾರನ್ನೂ ಅಲುಗಾಡಿಸುತ್ತಿಲ್ಲ, ಮೊದಲೇ ಸಿದ್ಧವಾಗಿದ್ದ ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ ಕೂತಿದ್ದಾನೆ ಎಂದುಕೊಂಡರು. ಇಷ್ಟಕ್ಕೇ ನಿಂತಿದ್ದರೆ ಅವರ ಬಗ್ಗೆ ಬರೆಯುವ ಅಗತ್ಯ ಇರಲಿಲ್ಲ. ವರ್ಷಗಳು ಕಳೆದಂತೆ ಅವರಿಗೆ ಹೊಳೆದದ್ದು ಬೇರೆ. ತಾನು ಇಂಗ್ಲೆಂಡಿನಿಂದ ತಂದ ಯೇಸು ಕೂಡ ಒಂದು ಚೌಕಟ್ಟಿನೊಳಗೇ ಇದ್ದಾನೆ. ಆ ಚೌಕಟ್ಟು ಯುರೋಪಿನ ಹದಿನೆಂಟನೆಯ ಶತಮಾನದ ವಿಚಾರವಾದ ಮಾಡಿಕೊಟ್ಟದ್ದು. ಅದರೊಳಗೇ ಬೆಳೆದವರಿಗೆ ಅದು ಕಾಣುವುದಿಲ್ಲ. ಪರಊರಿಗೆ ಹೋದ ಮೇಲೆಯೇ ನಮ್ಮ ಮನೆಯ ವಾಸನೆ ನಮಗೆ ಗೊತ್ತಾಗುವುದು, ಹೊರನಾಡಿನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಿಂದಿರುಗಿದಾಗ ಇಂಗ್ಲೆಂಡು ಅವರಿಗೆ ಪರದೇಶವಾಗಿತ್ತು. ಮದ್ರಾಸಿನ ಕೊಳೆಗೇರಿಗಳಲ್ಲಿ ಕಂಡಿದ್ದ ಒಂದು ವಸ್ತು, ನಾಳೆ ಇದಕ್ಕಿಂತ ಚೆನ್ನಾಗಿರುತ್ತದೆ ಎಂಬ ಭರವಸೆ, ಈ ಶ್ರೀಮಂತ ದೇಶದಲ್ಲಿ ಕಾಣಲಿಲ್ಲ ಎಂದು ಅವರು ಹೇಳುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್ ಕಾಲೇಜುಗಳಲ್ಲಿ ಕೆಲವು ವರ್ಷ ಪಾಠ ಹೇಳಿದರು. ಅದೇ ನಗರದ ವಿನ್ಸನ್ ಗ್ರೀನ್‌ನಲ್ಲಿ, ಜೈಲಿನ ಎದುರಿಗೆ, ಬೆರಳೆಣಿಕೆಯ ಜನ ಉಳಿದಿದ್ದ ಹಳೆಯ ಚರ್ಚೊಂದನ್ನು ಮುಚ್ಚುವ ಮಾತು ನಡೆಯಿತು. ಬಡವರ ಕೇರಿಯಿಂದ ಕಾಲ್ತೆಗೆದು ಅನುಕೂಲಸ್ಥರ ಬಡಾವಣೆಗಳಲ್ಲಷ್ಟೇ ಉಳಿಯುವ ಚರ್ಚಿಗೆ ಮಿಷನ್ ಎನ್ನುವ ಪದ ಬಳಸುವ ಹಕ್ಕಿಲ್ಲ ಎಂಬುದು ಅವರ ನಿಲುವು. ಎಪ್ಪತ್ತರ ಹೊಸ್ತಿಲಲ್ಲಿ, ಸಂಬಳವಿಲ್ಲದೆ, ತಾವೇ ಅದರ ಪಾದ್ರಿಯಾದರು. ಭಾರತದಿಂದ ಬಂದ ಪಾದ್ರಿಯೊಬ್ಬರು ಮುಂದೆ ಜೊತೆಗೂಡಿದರು.

ಆ ಕೇರಿಯಲ್ಲಿ ಪಂಜಾಬಿನ ಸಿಖ್ಖರು, ಹಿಂದೂಗಳು, ಪಾಕಿಸ್ತಾನದ ಮುಸ್ಲಿಮರು, ವೆಸ್ಟ್ ಇಂಡೀಸಿನಿಂದ ಬಂದವರು ಇದ್ದರು. ಕಾರ್ಖಾನೆಗಳು ಮುಚ್ಚುತ್ತಿದ್ದ ಕಾಲ. ಮನೆಮನೆಗೆ ಹೋಗುತ್ತಿದ್ದ ನ್ಯೂಬಿಗಿನ್‌ಗೆ ಏಷ್ಯಾದವರ ಮನೆಗಳಲ್ಲಿ ಒಳಗೆ ಕರೆದು ಚಹಾ ಕೊಡುತ್ತಿದ್ದರು, ದೇವರ ಬಗ್ಗೆ ಮಾತನಾಡುವುದು ಅಲ್ಲಿ ಯಾರಿಗೂ ಮುಜುಗರದ ವಿಷಯ ಆಗಿರಲಿಲ್ಲ. ಬಾಗಿಲು ಮುಚ್ಚಿಕೊಳ್ಳುತ್ತಿದ್ದುದು ಬಿಳಿಯರ ಮನೆಗಳಲ್ಲಿ. ಭಾರತದಲ್ಲಿ ಎದುರಿಸಿದ ವಿರೋಧಕ್ಕಿಂತ ಈ ತಣ್ಣನೆಯ ತಾತ್ಸಾರ ಕಷ್ಟ ಎಂದು ಅವರು ಬರೆದುಕೊಂಡಿದ್ದಾರೆ. ವಿರೋಧಿಸುವವನು ಕನಿಷ್ಠ ನಿಮ್ಮ ಮಾತು ಕೇಳಿಸಿಕೊಂಡಿರುತ್ತಾನೆ.

ಈ ತಾತ್ಸಾರದ ಬೇರನ್ನು ಹುಡುಕುತ್ತ ಅವರು ಬರೆದ ಪುಸ್ತಕಗಳು ಪಶ್ಚಿಮದ ಚರ್ಚುಗಳಲ್ಲಿ ದೊಡ್ಡ ಚರ್ಚೆ ಎಬ್ಬಿಸಿದವು. 1983ರಲ್ಲಿ ಒಂದು ಕಿರುಹೊತ್ತಿಗೆ, 1986ರಲ್ಲಿ ‘ಫೂಲಿಷ್‌ನೆಸ್ ಟು ದ ಗ್ರೀಕ್ಸ್’, 1989ರಲ್ಲಿ ‘ದ ಗಾಸ್ಪೆಲ್ ಇನ್ ಎ ಪ್ಲೂರಲಿಸ್ಟ್ ಸೊಸೈಟಿ’. ಅವರ ರೋಗನಿದಾನ ಹೀಗೆ: ಆಧುನಿಕ ಪಶ್ಚಿಮ ಎಲ್ಲವನ್ನೂ ಎರಡು ಕಪಾಟುಗಳಲ್ಲಿ ಹಂಚಿಟ್ಟಿದೆ. ಒಂದರಲ್ಲಿ ವಾಸ್ತವಗಳು, ಅವು ಎಲ್ಲರಿಗೂ ಅನ್ವಯ, ಶಾಲೆಯಲ್ಲಿ ಕಲಿಸಬಹುದು. ಇನ್ನೊಂದರಲ್ಲಿ ಮೌಲ್ಯಗಳು, ನಂಬಿಕೆಗಳು, ಅವು ಅವರವರ ಖಾಸಗಿ ರುಚಿ. ಕಾಫಿಗೆ ಸಕ್ಕರೆ ಎಷ್ಟು ಎಂಬಂತೆ. ಧರ್ಮವನ್ನು ಈ ಎರಡನೆಯ ಕಪಾಟಿನಲ್ಲಿಟ್ಟ ಮೇಲೆ ಅದರ ವಿರುದ್ಧ ವಾದಿಸುವ ಅಗತ್ಯವೂ ಉಳಿಯುವುದಿಲ್ಲ. ಇದನ್ನು ಒಡೆಯಲು ಅವರಿಗೆ ನೆರವಾದವನು ಹಂಗೆರಿಯಲ್ಲಿ ಹುಟ್ಟಿದ ರಸಾಯನ ವಿಜ್ಞಾನಿ ಮೈಕೇಲ್ ಪೊಲಾನಿ. ವಿಜ್ಞಾನಿ ಕೂಡ ಒಂದು ಪರಂಪರೆಯನ್ನು ನಂಬಿ, ತನ್ನನ್ನು ಅದಕ್ಕೆ ಒಪ್ಪಿಸಿಕೊಂಡು, ತಪ್ಪಾಗುವ ಅಪಾಯ ಹೊತ್ತುಕೊಂಡೇ ತಿಳಿಯುತ್ತಾನೆ ಎಂದು ಪೊಲಾನಿ 1958ರಲ್ಲಿ ವಾದಿಸಿದ್ದ.

ಆ ಹೊತ್ತಿಗೆ ಆಧುನಿಕೋತ್ತರದ ಗಾಳಿ ಬೀಸತೊಡಗಿತ್ತು. 1979ರಲ್ಲಿ ಲ್ಯೋಟಾರ್ ಮಹಾಕಥನಗಳಲ್ಲಿ ವಿಶ್ವಾಸ ಕಳೆದುಹೋದದ್ದೇ ಈ ಕಾಲದ ಲಕ್ಷಣ ಎಂದಿದ್ದ. ನ್ಯೂಬಿಗಿನ್ ಇಲ್ಲಿ ಇಕ್ಕಟ್ಟಿನ ಜಾಗದಲ್ಲಿ ನಿಂತರು. ಎಲ್ಲಿಯೂ ನಿಲ್ಲದೆ ಎಲ್ಲವನ್ನೂ ನೋಡುವ ತಟಸ್ಥ ಬುದ್ಧಿ ಎಂಬುದಿಲ್ಲ ಎನ್ನುವವರೆಗೂ ಅವರು ಆಧುನಿಕೋತ್ತರರ ಜೊತೆಗಾರ. ಆದ್ದರಿಂದ ಸತ್ಯ ಎಂಬುದೇ ಇಲ್ಲ ಎಂದಾಗ ಕೈಬಿಡುತ್ತಾರೆ. ತಾನು ನಂಬಿದ್ದನ್ನು ಸಾಕ್ಷಿ ಹೇಳುವವನಂತೆ ಎಲ್ಲರ ಮುಂದೆ ಹೇಳಬೇಕು, ಎದುರಿನವರ ಮಾತನ್ನೂ ಕೇಳಬೇಕು. ಉಳಿದ ಧರ್ಮದವರಲ್ಲಿ ಯಾರಿಗೆ ಮುಕ್ತಿ, ಯಾರಿಗಿಲ್ಲ ಎಂದು ತೀರ್ಪು ಕೊಡುವುದು ಮನುಷ್ಯರ ಕೆಲಸವಲ್ಲ ಎಂದೂ ಅಷ್ಟೇ ಗಟ್ಟಿಯಾಗಿ ಹೇಳಿದರು.

ಅದೇ ಬರ್ಮಿಂಗ್‌ಹ್ಯಾಮಿನ ವಿಶ್ವವಿದ್ಯಾಲಯದಲ್ಲಿ ಆಗ ಜಾನ್ ಹಿಕ್ ಪ್ರಾಧ್ಯಾಪಕ. ಎಲ್ಲ ಧರ್ಮಗಳೂ ಒಂದೇ ಪರಮಸತ್ಯಕ್ಕೆ ಸಲ್ಲುವ ಬೇರೆಬೇರೆ ಉತ್ತರಗಳು ಎಂಬುದು ಅವರ ವಾದ. ಇದಕ್ಕೆ ಎಲ್ಲರೂ ಕೊಡುವ ದೃಷ್ಟಾಂತ ಆನೆ ಮುಟ್ಟಿದ ಕುರುಡರದು. ನ್ಯೂಬಿಗಿನ್ ಕೇಳಿದ ಪ್ರಶ್ನೆ ಸರಳ: ಅದು ಆನೆ ಎಂದು ಗೊತ್ತಿರುವುದು ಯಾರಿಗೆ? ಕಥೆ ಹೇಳುವವನಿಗೆ. ವಿನಯದ ಕಥೆ ಎನ್ನುತ್ತಲೇ ಅವನು ತನಗೆ ಮಾತ್ರ ಪೂರ್ತಿ ಕಣ್ಣಿದೆ ಎನ್ನುತ್ತಿದ್ದಾನೆ. ಬೌದ್ಧರ ಉದಾನದಲ್ಲಿ ಬರುವ ಕಥೆಯಲ್ಲಂತೂ ಕುರುಡರನ್ನು ಕೂಡಿಸುವವನು ರಾಜ, ಅವರು ಗುದ್ದಾಡುವಾಗ ನೋಡಿ ಖುಷಿಪಡುವವನೂ ಅವನೇ. ಚಿಕ್ಕಂದಿನಿಂದ ಕೇಳಿದ ಕಥೆಯಲ್ಲಿ ಆ ರಾಜನ ಮುಖ ನನಗೆ ಕಂಡಿರಲೇ ಇಲ್ಲ.

ಆದರೂ ನನ್ನ ತಕರಾರು ಪೂರ್ತಿ ಹೋಗಿಲ್ಲ. ವಿನ್ಸನ್ ಗ್ರೀನ್‌ನ ಮುದುಕ ಪಾದ್ರಿ ಬಾಗಿಲು ತಟ್ಟುವುದಕ್ಕೂ, ಬೆನ್ನ ಹಿಂದೆ ಸಾಮ್ರಾಜ್ಯವೋ ಹಣವೋ ಬಹುಸಂಖ್ಯೆಯೋ ಇದ್ದವರು ತಟ್ಟುವುದಕ್ಕೂ ವ್ಯತ್ಯಾಸವಿದೆ. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತು. ಇವೆರಡರ ನಡುವಿನ ಗೆರೆ ಎಲ್ಲಿ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದರ ಏಟು ತಿನ್ನುವವರು ಹೆಚ್ಚಾಗಿ ಸಣ್ಣ ಊರುಗಳ ಬಡ ಕ್ರೈಸ್ತರು. ನ್ಯೂಬಿಗಿನ್ನರ ಸಾಕ್ಷಿ ನನಗೆ ಒಪ್ಪಿಗೆಯಾಗುವುದು ಅದರ ಹಿಂದೆ ಬಲವಿಲ್ಲದಿರುವುದರಿಂದ.

ಈ ಕಾಲದಲ್ಲಿ ಶಿಲುಬೆಗೇರಿದವನ ಕಥೆಯನ್ನು ಜನ ಯಾಕೆ ನಂಬಬೇಕು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಒಂದು ವಾದವಲ್ಲ. ಅದನ್ನು ನಂಬಿ ಹಾಗೆಯೇ ಬದುಕುವ ಒಂದು ಸಣ್ಣ ಸಭೆ ಊರಿನಲ್ಲಿದ್ದರೆ ಜನ ಅದನ್ನು ನೋಡಿ ಕಥೆಯನ್ನು ಓದಿಕೊಳ್ಳುತ್ತಾರೆ, ಅಷ್ಟೇ. ಉತ್ಸವಗಳೂ ದೊಡ್ಡ ಪ್ರಚಾರ ಸಭೆಗಳೂ ಅದರ ನಂತರದ ಮಾತು. 1998ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು, ಪುಸ್ತಕಗಳನ್ನು ಬೇರೆಯವರು ಓದಿ ಹೇಳಬೇಕಾಗಿತ್ತು. ಉಪನ್ಯಾಸಗಳನ್ನು ಮಾತ್ರ ಟಿಪ್ಪಣಿಯಿಲ್ಲದೆ ಕೊಡುತ್ತಲೇ ಇದ್ದರು.