ಮೀನು ಕಚ್ಚಿದ ಮೇಲೆ: ಮಂಜುಗಡ್ಡೆಯಡಿಯ ನೆಟ್ಟ ಗಾಳದ ಕಥೆ

ಕೈಯಲ್ಲಿ ಹಿಡಿದು ಕೂರುವ ಗಾಳಕ್ಕೂ ನೆಟ್ಟು ಬಿಡುವ ಗಾಳಕ್ಕೂ ಮುಖ್ಯ ವ್ಯತ್ಯಾಸ ಒಂದೇ. ಎರಡನೆಯದರಲ್ಲಿ ಮೀನು ಕಚ್ಚುವ ಹೊತ್ತಿಗೆ ಮನುಷ್ಯ ಅಲ್ಲಿರುವುದಿಲ್ಲ. ರಷ್ಯಾ, ಫಿನ್‌ಲೆಂಡ್, ಸ್ವೀಡನ್, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಸರೋವರಗಳು ಹೆಪ್ಪುಗಟ್ಟಿದಾಗ ಮಂಜುಗಡ್ಡೆಯಲ್ಲಿ ಅಲ್ಲಲ್ಲಿ ತೂತು ಕೊರೆದು, ಒಬ್ಬನೇ ಹಲವು ಗಾಳ ಇಳಿಬಿಟ್ಟು ಕಾಯುತ್ತಾನೆ. ಮೀನು ಎರೆ ಕಚ್ಚಿದ ಕ್ಷಣಕ್ಕೂ ಅವನು ಬಂದು ನೂಲಿಗೆ ಕೈ ಹಾಕುವ ಕ್ಷಣಕ್ಕೂ ನಡುವೆ ಎಷ್ಟು ಹೊತ್ತು ಕಳೆಯುತ್ತದೆ? ಯಾವ ಕೊಕ್ಕೆ ಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತ ಬಂದಿರುವುದು ಈ ಪ್ರಶ್ನೆಯೇ.

ಕೊಕ್ಕೆ ಬಹಳ ಹಳೆಯದು. ಜಪಾನಿನ ಓಕಿನಾವಾ ದ್ವೀಪದ ಸಕಿತಾರಿ ಗುಹೆಯಲ್ಲಿ ಸಿಕ್ಕ ಚಿಪ್ಪಿನ ಕೊಕ್ಕೆಗಳಿಗೆ ಸುಮಾರು 23,000 ವರ್ಷ. ಆದರೆ ಬಿಟ್ಟುಹೋಗುವ ಗಾಳಕ್ಕೆ ಬಾಗಿದ ಕೊಕ್ಕೆಯೇ ಆಗಬೇಕೆಂದಿರಲಿಲ್ಲ. ಎರಡೂ ತುದಿ ಚೂಪಾದ ಒಂದು ಮೂಳೆಯ ಕಡ್ಡಿ, ನಡುವೆ ಕಟ್ಟಿದ ನೂಲು, ಅಷ್ಟೇ ಸಾಕಿತ್ತು. ಮೀನು ಎರೆಯ ಜೊತೆ ಅದನ್ನು ನುಂಗುತ್ತದೆ, ನೂಲು ಬಿಗಿಯಾದಾಗ ಕಡ್ಡಿ ಒಳಗೆ ಅಡ್ಡಡ್ಡ ತಿರುಗಿ ನಿಲ್ಲುತ್ತದೆ. ಫಿನ್‌ಲೆಂಡಿನಲ್ಲಿ ಬರ್ಬಟ್ ಮೀನಿಗೆಂದು ಜುನಿಪರ್ ಗಿಡದ ಕವಲನ್ನೇ ಕೆತ್ತಿ ಕೊಕ್ಕೆ ಮಾಡುತ್ತಿದ್ದರು. ಬರ್ಬಟ್ ರಾತ್ರಿ ಸಂಚಾರಿ, ನಡುಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೇ ಮೊಟ್ಟೆಯಿಡುವ ಮೀನು. ಸಂಜೆ ಗಾಳ ಇಳಿಸಿ ಬೆಳಿಗ್ಗೆ ಬಂದು ನೋಡುವವನಿಗೆ ಮೀನು ಚೆನ್ನಾಗಿ ನುಂಗಿರಬೇಕು. ಆ ಕಾಲದ ಸಲಕರಣೆಯೆಲ್ಲ ನುಂಗಿಸುವ ಸಲಕರಣೆ.

ರಷ್ಯನ್ನರ ‘ಝೆರ್ಲಿತ್ಸಾ’ ಇದೇ ವಂಶದ್ದು. ರಷ್ಯಾದಲ್ಲಿ ಗಾಳ, ಮೀನುಗಳ ಬಗ್ಗೆ ಬರೆದವರೂ ಹಳಬರೇ: ಲೇಖಕ ಸೆರ್ಗೇಯ್ ಅಕ್ಸಾಕೊವ್ ಗಾಳದ ಬಗ್ಗೆ ಬರೆದ ಪುಸ್ತಕ ಹೊರಬಂದದ್ದು 1847ರಲ್ಲಿ. ಲಿಯೊನಿದ್ ಸಬನೇಯೆವ್ ರಷ್ಯಾದ ಮೀನುಗಳ ಕುರಿತ ದೊಡ್ಡ ಗ್ರಂಥವನ್ನು 1875ರಲ್ಲಿ ಹೊರತಂದರು. ಹಳೆಯ ಝೆರ್ಲಿತ್ಸಾ ಎಂದರೆ ಕವಣೆಯ ಹಿಡಿಯಂಥ ಒಂದು ಮರದ ಕವಲು. ಅದರ ಎರಡು ಕೊಂಬಿಗೆ ನೂಲನ್ನು ಎಂಟರ ಆಕಾರದಲ್ಲಿ ಸುತ್ತಿ, ಒಂದು ಕೊಂಬಿನ ತುದಿಯ ಸೀಳಿನಲ್ಲಿ ಮೆಲ್ಲಗೆ ಸಿಕ್ಕಿಸುತ್ತಾರೆ. ಕೆಳಗೆ ಜೀವಂತ ಪುಟ್ಟ ಮೀನು ಈಜುತ್ತಿರುತ್ತದೆ. ಅದರ ಒದ್ದಾಟಕ್ಕೆ ನೂಲು ಜಾರದು, ಪೈಕ್ ಎಂಬ ದೊಡ್ಡ ಬೇಟೆಮೀನು ಎಳೆದರೆ ಮಾತ್ರ ಸೀಳಿನಿಂದ ಕಳಚಿ ಸರಸರನೆ ಬಿಚ್ಚಿಕೊಳ್ಳುತ್ತದೆ. ಬೇಟೆಯನ್ನು ಅಡ್ಡಲಾಗಿ ಕಚ್ಚಿ ದೂರ ಒಯ್ದು, ತಿರುಗಿಸಿ ತಲೆಯ ಕಡೆಯಿಂದ ನುಂಗುವುದು ಪೈಕಿನ ಪದ್ಧತಿ. ಅಷ್ಟಕ್ಕೂ ಬೇಕಾದ ನೂಲನ್ನು ಆ ಕವಲು ಪುಕ್ಕಟೆ ಒದಗಿಸುತ್ತಿತ್ತು.

ಎರೆಗೆ ಕ್ರೂಷಿಯನ್ ಕಾರ್ಪ್ ಸಿಕ್ಕರೆ ಅದೃಷ್ಟ. ಆಮ್ಲಜನಕ ಕಡಿಮೆಯಿದ್ದರೂ ಅದು ಕೊಕ್ಕೆಯಲ್ಲೇ ಬಹಳ ಹೊತ್ತು ಬದುಕಿರುತ್ತದೆ.

ಉಕ್ಕಿನ ಕೊಕ್ಕೆ ಅಗ್ಗವಾದದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ. ನಾರ್ವೆಯ ಯೋವಿಕ್ ಬಳಿಯ ಮುಸ್ತಾದ್ ಕಾರ್ಖಾನೆಯಲ್ಲಿ ಮಥಿಯಾಸ್ ತೋಪ್ ರೂಪಿಸಿದ ಯಂತ್ರ 1877ರಲ್ಲಿ ಕೆಲಸ ಆರಂಭಿಸಿತು. ಆದರೆ ನೆಟ್ಟ ಗಾಳದ ಮಟ್ಟಿಗೆ ನಿಜವಾದ ತಿರುವು ಕೊಟ್ಟದ್ದು ಉಕ್ಕಲ್ಲ, ಒಂದು ತುಂಡು ಬಟ್ಟೆ.

ಅಮೆರಿಕದಲ್ಲಿ ‘ಟಿಪ್-ಅಪ್’ ಎನ್ನುವ ಸಾಧನವನ್ನು ಹತ್ತಿರದಿಂದ ನೋಡಬೇಕು. ತೂತಿನ ಮೇಲೆ ಅಡ್ಡಲಾಗಿ ಮರದ ಪಟ್ಟಿಗಳು. ನಡುವಿನಿಂದ ನೀರಿಗಿಳಿದ ಒಂದು ಕಂಬಿ, ಅದರ ತುದಿಗೆ ನೂಲಿನ ರೀಲು. ರೀಲು ನೀರಿನೊಳಗೇ ಇರುವುದು ಜಾಣತನ: ಮೇಲೆ ಎಷ್ಟೇ ಚಳಿಯಿರಲಿ, ಅದು ಹೆಪ್ಪುಗಟ್ಟಿ ಕಚ್ಚಿಕೊಳ್ಳುವುದಿಲ್ಲ. ಮೇಲುಗಡೆ ಸ್ಪ್ರಿಂಗ್ ಪಟ್ಟಿಯ ತುದಿಗೆ ಕಿತ್ತಳೆ ಬಣ್ಣದ ಬಾವುಟವನ್ನು ಬಗ್ಗಿಸಿ ಸಿಕ್ಕಿಸಿರುತ್ತಾರೆ. ಮೀನು ಎಳೆದು ರೀಲು ತಿರುಗಿತೋ, ಬಾವುಟ ಪಟ್ಟನೆ ಮೇಲೇಳುತ್ತದೆ. ಇಂದಿನ ಝೆರ್ಲಿತ್ಸಾಕ್ಕೂ ಬಾವುಟ ಬಂದಿದೆ. ಅದರ ಅಗಲ ತಟ್ಟೆ ತೂತನ್ನು ಮುಚ್ಚಿ ಬೆಳಕನ್ನು ತಡೆಯುತ್ತದೆ, ತಟ್ಟೆಯ ಮೇಲೆ ಹಿಮ ಒಟ್ಟಿದರೆ ನೀರೂ ಬೇಗ ಹೆಪ್ಪುಗಟ್ಟುವುದಿಲ್ಲ. ಮಿನೆಸೋಟಾದವರು ಇನ್ನೂ ಸುಖಿಗಳು. ಮಂಜುಗಡ್ಡೆಯ ಮೇಲಿನ ಗುಡಿಸಲಿನ ಗೋಡೆಗೆ ಗಿಲಕಿಯಂತೆ ಸದ್ದು ಮಾಡುವ ರೀಲು ಸಿಕ್ಕಿಸಿ ಮಲಗಿಬಿಡುತ್ತಾರೆ, ಮೀನೇ ಬಂದು ಎಬ್ಬಿಸುತ್ತದೆ.

ಬಾವುಟದಿಂದಾಗಿ ರಾತ್ರಿಯಿಡೀ ಇದ್ದ ಅಂತರ ಒಂದೆರಡು ನಿಮಿಷಕ್ಕಿಳಿಯಿತು. ಕೊಕ್ಕೆ ಮಾತ್ರ ಬಹಳ ಕಾಲ ಹಳೆಯ ಲೆಕ್ಕದಲ್ಲೇ ಉಳಿಯಿತು. ಅದಕ್ಕೆ ತೆತ್ತ ಬೆಲೆಯನ್ನು ತೋರಿಸಿಕೊಟ್ಟದ್ದು ವಿಸ್ಕಾನ್ಸಿನ್‌ನ ಮೀನುಗಾರಿಕೆ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಅಧ್ಯಯನ. ‘ಸ್ವೀಡಿಷ್ ಹುಕ್’ ಎಂಬ ದೊಡ್ಡ ಒಂಟಿ ಕೊಕ್ಕೆಯನ್ನು ಸತ್ತ ಮೀನಿನೊಳಗೆ ಪೋಣಿಸಿ ಇಳಿಬಿಡುವುದು ಅಲ್ಲಿ ರೂಢಿ, ಪೈಕ್ ಅದನ್ನು ಆಳಕ್ಕೆ ನುಂಗುತ್ತದೆ. ಹಾಗೆ ಹಿಡಿದ ಪೈಕುಗಳಲ್ಲಿ ಸುಮಾರು ಶೇ. 33 ಸತ್ತವು. ಮೂರು ಮುಳ್ಳಿನ ಕೊಕ್ಕೆಗೆ ಸಿಕ್ಕವುಗಳಲ್ಲಿ ಸತ್ತದ್ದು ಶೇ. 1ಕ್ಕಿಂತ ಕಡಿಮೆ. ಮೂರು ಮುಳ್ಳು ಕಂಡರೆ ಕ್ರೂರ ಎನಿಸುತ್ತದೆ, ಒಂಟಿ ಮುಳ್ಳು ಸಾಧು ಎನಿಸುತ್ತದೆ. ಅಂಕಿಗಳು ಹೇಳಿದ್ದು ಉಲ್ಟಾ. ಮುಳ್ಳೆಷ್ಟು ಎನ್ನುವುದಕ್ಕಿಂತ ಅದು ಬಾಯಲ್ಲಿ ನಾಟಿತೋ ಹೊಟ್ಟೆಯಲ್ಲೋ ಎನ್ನುವುದೇ ದೊಡ್ಡದು. ಹಿಡಿದದ್ದನ್ನು ಮನೆಗೊಯ್ದು ಸಾರು ಮಾಡುವವನಿಗೆ ಇದರ ಚಿಂತೆಯಿಲ್ಲ. ಆದರೆ ಅಳತೆಗಿಂತ ಚಿಕ್ಕ ಮೀನನ್ನು ನೀರಿಗೇ ಬಿಡಬೇಕೆಂಬ ನಿಯಮವಿರುವಲ್ಲಿ ನುಂಗಿಸುವ ಕೊಕ್ಕೆ ಆ ನಿಯಮವನ್ನೇ ಅರ್ಥಹೀನ ಮಾಡಿಬಿಡುತ್ತದೆ.

ಪರಿಹಾರ ಹೊಸದೇನಲ್ಲ. ಇಂಗ್ಲೆಂಡಿನ ಪೈಕ್ ಬೇಟೆಗಾರ ಆಲ್ಫ್ರೆಡ್ ಜಾರ್ಡೀನ್ ಹೆಸರಿನ ‘ಸ್ನ್ಯಾಪ್ ಟ್ಯಾಕಲ್’ ವಿಕ್ಟೋರಿಯಾ ರಾಣಿಯ ಕಾಲದ್ದು. ಅದರ ಮೊಮ್ಮಗ ಎನ್ನಬಹುದಾದ ‘ಕ್ವಿಕ್ ಸ್ಟ್ರೈಕ್’ ಜೋಡಣೆಯಲ್ಲಿ ಒಂದು ತಂತಿಗೆ ಎರಡು ಚಿಕ್ಕ ಕೊಕ್ಕೆ. ಒಂದನ್ನು ಎರೆಮೀನಿನ ಬೆನ್ನಿನ ರೆಕ್ಕೆಯ ಬಳಿ, ಇನ್ನೊಂದನ್ನು ತಲೆಯ ಹತ್ತಿರ ಚುಚ್ಚುತ್ತಾರೆ. ಪೈಕ್ ಅಡ್ಡಲಾಗಿ ಹೇಗೆ ಕಚ್ಚಿದರೂ ಒಂದು ಕೊಕ್ಕೆ ಬಾಯೊಳಗೇ ಇರುತ್ತದೆ. ಹಾಗಾಗಿ ನುಂಗಲಿ ಎಂದು ಕಾಯಬೇಕಿಲ್ಲ, ಬಾವುಟ ಎದ್ದೊಡನೆ ಓಡಿಹೋಗಿ ಸೆಳೆದರಾಯಿತು. ತಂತಿಯನ್ನಂತೂ ಬಿಡುವಂತಿಲ್ಲ, ಪೈಕಿನ ಹಲ್ಲಿಗೆ ಬರೀ ನೂಲು ತಡೆಯದು.

ವಾಲೈ ಮೀನಿಗೆ ಇಷ್ಟೆಲ್ಲ ರಂಪ ಬೇಡ. ತೆಳು ನೂಲು, ಒಂದು ಚಿಕ್ಕ ಕೊಕ್ಕೆ ಸಾಕು. ಕೊಂಡುಕೊಳ್ಳುವಾಗ ನೆನಪಿಡಬೇಕಾದದ್ದು ಇಂಥ ಚಿಕ್ಕ ಕೊಕ್ಕೆಗಳಲ್ಲಿ ನಂಬರು ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು ಎಂಬುದು.

ಮೀನು ಕಚ್ಚುವುದಕ್ಕೂ ಮನುಷ್ಯ ಬಂದು ಸೇರುವುದಕ್ಕೂ ನಡುವಿನ ಅಂತರವನ್ನು ಕಾನೂನುಗಳೂ ತಮ್ಮದೇ ರೀತಿಯಲ್ಲಿ ಅಳೆಯುತ್ತವೆ. ಮಂಜುಗಡ್ಡೆಯ ಮೇಲೆ ಮಿನೆಸೋಟಾದಲ್ಲಿ ಒಬ್ಬನಿಗೆ ಎರಡು ಗಾಳ, ವಿಸ್ಕಾನ್ಸಿನ್‌ನಲ್ಲಿ ಮೂರು, ಮೇನ್ ರಾಜ್ಯದಲ್ಲಿ ಐದು. ವೋಲ್ಗಾ ಸೀಮೆಯ ನಿಯಮ ಗಾಳವನ್ನಲ್ಲ, ಕೊಕ್ಕೆಯನ್ನು ಎಣಿಸುತ್ತದೆ: ಒಬ್ಬನಿಗೆ ಒಟ್ಟು ಹತ್ತು. ಮಿನೆಸೋಟಾದಲ್ಲಿ ಟಿಪ್-ಅಪ್ ಇಟ್ಟವನು ಅದರಿಂದ 200 ಅಡಿಯೊಳಗೇ ಇರಬೇಕು. ಹಿಮದ ಮೇಲೆ ದಪ್ಪ ಬೂಟು ಹಾಕಿಕೊಂಡು ಓಡುವವನಿಗೆ ಅದೇನೂ ಕಡಿಮೆ ದೂರವಲ್ಲ.

ಇತ್ತೀಚೆಗೆ ಬಾವುಟದ ಬದಲು ಮೊಬೈಲಿಗೆ ಸೂಚನೆ ಕಳಿಸುವ ಸಾಧನಗಳೂ, ಮೀನು ಎಳೆದೊಡನೆ ಬಗ್ಗಿಸಿಟ್ಟ ಕೋಲು ತಾನೇ ಚಿಮ್ಮಿ ಕೊಕ್ಕೆ ನಾಟಿಸುವ ಸಾಧನಗಳೂ ಅಂಗಡಿಗೆ ಬಂದಿವೆ. ಚಿಕ್ಕ ಎರೆಯನ್ನು ಒಂದೇ ಗುಕ್ಕಿಗೆ ಬಾಯಿಗೆ ಹಾಕಿಕೊಳ್ಳುವ ಟ್ರೌಟ್ ಮೀನಿಗೆ ಇಂಥ ಕೋಲು ಸರಿಹೊಂದುತ್ತದೆ. ಗೇಣುದ್ದದ ಎರೆಮೀನನ್ನು ಅಡ್ಡ ಕಚ್ಚಿ ಹೊರಟ ಪೈಕಿಗೆ ಮಾತ್ರ ಈಗಲೂ ಎರಡು ಕೊಕ್ಕೆಯ ತಂತಿ, ಸಾಕಷ್ಟು ಉದ್ದದ ನೂಲು, ಬಾವುಟ ಕಂಡೊಡನೆ ಎದ್ದು ಓಡುವ ಒಬ್ಬ ಮನುಷ್ಯ ಬೇಕು.