ಶಾಸನ ಹೇಳದ ಭೂಕಂಪ, ನೆಲದೊಳಗೆ ಸಿಕ್ಕಿತು

ಸವದತ್ತಿಯ ರಟ್ಟರು ತಮ್ಮ ಶಾಸನಗಳಲ್ಲಿ ‘ಲತ್ತಲೂರು ಪುರವರಾಧೀಶ್ವರ’ ಎಂದು ಹೇಳಿಕೊಂಡರು. ಶಿಲಾಹಾರರು ‘ತಗರ ಪುರವರಾಧೀಶ್ವರ’ ಎಂದರು. ಲತ್ತಲೂರು ಅಂದರೆ ಇಂದಿನ ಲಾತೂರು, ತಗರ ಅಂದರೆ ಅದರ ಪಶ್ಚಿಮಕ್ಕಿರುವ ತೇರ್. ಎರಡೂ ಈಗ ಮಹಾರಾಷ್ಟ್ರದಲ್ಲಿವೆ. ಬೀದರ್, ಕಲಬುರಗಿಯ ನಮ್ಮ ಓದುಗರಿಗೆ ನೆರೆಯ ಸೀಮೆ.

ಅಲ್ಲಿ ದೊಡ್ಡ ಭೂಕಂಪ ಆಗುವುದಿಲ್ಲ ಎಂದೇ ಎಲ್ಲರೂ ನಂಬಿದ್ದರು. ಸರ್ಕಾರದ ಭೂಕಂಪ ನಕ್ಷೆಯಲ್ಲೂ ಅದು ಅತಿ ಕಡಿಮೆ ಅಪಾಯದ ವಲಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ್ದ ಕಿಲ್ಲಾರಿ ಸುತ್ತಲಿನ ಊರುಗಳು ನೆಲಕ್ಕುರುಳಿದವು. ತೀವ್ರತೆ 6.2. ಸತ್ತವರು ಹತ್ತು ಸಾವಿರದ ಹತ್ತಿರ.

ಬೆಳಗಾದ ಮೇಲೆ ಹೊಲದಲ್ಲಿ ಹೊಸದೊಂದು ದಿಣ್ಣೆ ಎದ್ದಿದ್ದು ಕಂಡಿತು. ಎತ್ತರ ಒಂದು ಮೀಟರಿಗೂ ಕಡಿಮೆ. ಭೂವಿಜ್ಞಾನಿಗಳು ಅದಕ್ಕೆ ಅಡ್ಡಲಾಗಿ ಕಂದಕ ತೋಡಿದರು. ಬಾವಿ ತೋಡಿದವರಿಗೆ ಗೊತ್ತು: ಮೇಲೆ ಎರೆಮಣ್ಣು, ಆಮೇಲೆ ಗರಸು, ಕೆಳಗೆ ಕರಿಕಲ್ಲು, ಎಲ್ಲ ಪದರ ಪದರವಾಗಿ ಇರುತ್ತದೆ. ಬಿರುಕಿನ ಎರಡು ಬದಿಯಲ್ಲಿ ಅದೇ ಪದರ ಮೇಲೆ-ಕೆಳಗಾಗಿದ್ದರೆ ನೆಲ ಅಲ್ಲಿ ಜರುಗಿದೆ ಎಂದರ್ಥ. ಮೇಲಿನ ಪದರ ಒಂದು ಗೇಣು ಸರಿದು, ಅಡಿಯ ಪದರ ಮೂರು ಗೇಣು ಸರಿದಿದ್ದರೆ? ಹಿಂದೆಯೂ ಜರುಗಿತ್ತು. ಕಿಲ್ಲಾರಿಯ ಬಿರುಕು ಹೊಸದಲ್ಲ, ಹಳೆಯದೇ ಮತ್ತೆ ಜರುಗಿದ್ದು ಎಂದು ಸಿ.ಪಿ. ರಾಜೇಂದ್ರನ್ ಮತ್ತು ಜೊತೆಗಾರರು ಬರೆದರು. ತೇರ್‌ನ ಹಳೇ ಕಟ್ಟಡ ಮತ್ತು ಮಣ್ಣಿನಲ್ಲಿ ಅವರಿಗೆ ಸುಮಾರು 1,500 ವರ್ಷ ಹಿಂದಿನ ಭೂಕಂಪದ ಗುರುತೂ ಸಿಕ್ಕಿತು. ಅಂದರೆ ತಗರದ ಹೆಸರು ಹೊತ್ತ ಶಿಲಾಹಾರರು ಆಳುವ ಮೊದಲೇ ಆ ಊರು ನಡುಗಿತ್ತು. ಬಿರುದು ಕೆತ್ತಿಸಿದವರಿಗೆ ಅದು ತಿಳಿದಿತ್ತೋ ಇಲ್ಲವೋ, ಯಾರು ಬಲ್ಲರು!

2002ರಲ್ಲಿ ನಕ್ಷೆ ತಿದ್ದಿದಾಗ ಆ ‘ಅತಿ ಕಡಿಮೆ’ ವಲಯವನ್ನೇ ತೆಗೆದುಹಾಕಿದರು. ಲಾತೂರು ಮೂರನೇ ವಲಯಕ್ಕೆ ಬಂತು.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಬಿರುಕಲ್ಲ, ಮನೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು, ನಿಜ. ಆದರೆ ಗೋಡೆಯ ಒಳಮುಖ ಹೊರಮುಖ ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಇಲ್ಲದಿದ್ದರೆ ಗೋಡೆ ಅಲುಗಿದಾಗ ಎರಡಾಗಿ ಸೀಳುತ್ತದೆ, ಮಾಳಿಗೆ ಕೆಳಗೆ ಬರುತ್ತದೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಸುತ್ತ ನೆಲ ಗುಡುಗಿದಾಗ ಜನ ಮನೆ ಬಿಟ್ಟು ಹೊರಗೆ ಮಲಗಿದರು. ಅಂಥ ಮಾಳಿಗೆ ಮನೆಗಳು ನಮ್ಮ ಊರುಗಳಲ್ಲೂ ಇನ್ನೂ ನಿಂತಿವೆ. ರಿಪೇರಿಗೆ ಗೌಂಡಿ ಬಂದಾಗ ಆ ಉದ್ದ ಕಲ್ಲಿನ ಬಗ್ಗೆ ಕೇಳಿ ನೋಡಿ.