ಢಾಕಾದಲ್ಲಿ ಹುಟ್ಟಿದ ಪದಪಟ್ಟಿ

ನಮ್ಮಲ್ಲಿ ಬಹುಮಂದಿ ಇಂಗ್ಲಿಷನ್ನು ರೆನ್ ಮತ್ತು ಮಾರ್ಟಿನ್ನರ ವ್ಯಾಕರಣದ ಮೂಲಕ ಕಲಿತವರು. ಕರ್ತರಿಯನ್ನು ಕರ್ಮಣಿಗೆ ಸಲೀಸಾಗಿ ತಿರುಗಿಸುತ್ತಿದ್ದೆವು, ಎಂ.ಎ. ತರಗತಿಯಲ್ಲಿ ವಿಮರ್ಶೆಯ ಒಂದು ಪುಟ ಎದುರಾದಾಗ ಮಾತ್ರ ತಡವರಿಸಿದೆವು. ಈ ಕೊರತೆಯ ಬೇರನ್ನು 1920ರ ದಶಕದಲ್ಲೇ ಕಂಡವರು ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್. ಬಂಗಾಳದ ವಿದ್ಯಾರ್ಥಿಗೆ ಇಂಗ್ಲಿಷ್ ಬೇಕಾದದ್ದು ಸಂಭಾಷಣೆಗಿಂತ ಹೆಚ್ಚಾಗಿ ಜ್ಞಾನಾರ್ಜನೆಗೆ. ನಡುವೆ ಶಾಲೆ ಬಿಟ್ಟವನಿಗೂ ಓದುವ ಶಕ್ತಿಯಾದರೂ ಉಳಿಯಬೇಕು ಎಂಬುದು ಅವರ ವಾದ. ಅಪರೂಪದ ಪದಗಳನ್ನು ಕೈಬಿಟ್ಟು, ಬಳಕೆಯ ಪದಗಳನ್ನೇ ಮತ್ತೆ ಮತ್ತೆ ತಂದು ಪಾಠಪುಸ್ತಕಗಳನ್ನು ಬರೆದರು. 1953ರಲ್ಲಿ ಅವರ ಸಂಪಾದಕತ್ವದಲ್ಲಿ ಸುಮಾರು 2000 ಪದಗಳ ಪಟ್ಟಿ ಹೊರಬಂದಿತು.

ಉನ್ನತ ವ್ಯಾಸಂಗಕ್ಕೆ ಅದರಾಚೆ ಏನು ಬೇಕು? ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ ಇದಕ್ಕೆ ಉತ್ತರವಿತ್ತರು. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ವಿಷಯಗಳ ಸುಮಾರು 35 ಲಕ್ಷ ಪದಗಳ ಬರಹವನ್ನು ಶೋಧಿಸಿ, ವೆಸ್ಟರ ಪಟ್ಟಿಯಲ್ಲಿಲ್ಲದ 570 ಪದಕುಟುಂಬಗಳನ್ನು ಆರಿಸಿದರು. ‘ಅನಲೈಸ್’, ‘ಅಸ್ಯೂಮ್’, ‘ಕಾನ್ಸೆಪ್ಟ್’ ಮುಂತಾದವು. ಆ ಬರಹದಲ್ಲಿ ನೂರಕ್ಕೆ ಹತ್ತರಷ್ಟು ಪದಗಳು ಇವೇ. (ನಮ್ಮ ಸರ್ಕಾರಿ ಕಡತಗಳಲ್ಲೂ ಇವುಗಳದೇ ದರ್ಬಾರು!)

ವ್ಯಾಕರಣ ಬೇಡವೆನ್ನಲಾರೆವು. ಆದರೆ ಈ ನೆಲದ ತರಗತಿಗಳಲ್ಲೇ ಮೊಳೆತ ವಿಚಾರವೊಂದು ನಾವು ಕಲಿತ ತರಗತಿಗೆ ಬಾರದೇ ಹೋಯಿತು. ಅಲ್ಲಿ ವಾಕ್ಯವಿಭಜನೆಗೆ ಅಂಕಗಳಿದ್ದವು, ಓದಿಗೆ ಇರಲಿಲ್ಲ.